ಕಚ್ಚಿದ ಎಲೆಯ ಘಮ

ತಿಂದ ಎಲೆಯ ಅಂಚನ್ನು ನೋಡಿಯೇ ತಿಂದವರು ಯಾರೆಂದು ಹೇಳಬಹುದು. ಚಿಟ್ಟೆಯ ಹುಳು ಎಲೆಯ ಬದಿಯನ್ನು ಮುಂಗಾಲುಗಳ ನಡುವೆ ಹಿಡಿದು, ತಲೆಯನ್ನು ಮೇಲಿನಿಂದ ಕೆಳಕ್ಕೆ ಮೆಲ್ಲನೆ ಬಾಗಿಸುತ್ತ ಸವೆಸುತ್ತದೆ, ಒಂದು ಬಾಗು ಮುಗಿದರೆ ಮತ್ತೆ ಮೇಲಕ್ಕೆ ಹೋಗಿ ಇನ್ನೊಂದನ್ನು ಶುರುಮಾಡುತ್ತದೆ. ಹಾಗಾಗಿ ಅದು ಬಿಟ್ಟುಹೋದ ಅಂಚಿನಲ್ಲಿ ಅಲೆಯ ಮೇಲೆ ಅಲೆ. ಪುಟ್ಟ ದುಂಬಿಗಳು ಅಂಚಿನ ಗೊಡವೆಗೇ ಹೋಗದೆ ಎಲೆಯ ನಟ್ಟನಡುವೆ ತೂತು ಕೊರೆಯುತ್ತವೆ. ಬಸವನಹುಳು ರಾತ್ರಿಯಲ್ಲಿ ಬಂದು, ಮನಬಂದಲ್ಲಿ ಹರಿದು ತಿಂದು, ಬೆಳಗಿನ ಬಿಸಿಲಿಗೆ ಮಿನುಗುವ ಲೋಳೆಯ ಜಾಡೊಂದನ್ನು ಕುಂಡದ ಕಂಠದ ಮೇಲೆ ಬಿಟ್ಟು, ಮಣ್ಣಿನ ತಂಪಿಗೆ ಇಳಿದಿರುತ್ತದೆ. ನುಸಿಗಳದು ಇನ್ನೂ ಸೂಕ್ಷ್ಮ. ಅವು ಕಚ್ಚುವುದಿಲ್ಲ, ಒಂದೊಂದೇ ಜೀವಕೋಶವನ್ನು ಹೀರಿ ಖಾಲಿಮಾಡುತ್ತವೆ. ಖಾಲಿಯಾದಲ್ಲೆಲ್ಲ ಹಸಿರು ಆರಿ, ಬೇಸಿಗೆಯ ಮಧ್ಯಾಹ್ನದಲ್ಲೂ ಎಲೆಯ ಮೇಲೆ ಮಂಜು ಕೂತಿರುವ ಭ್ರಮೆಯಾಗುತ್ತದೆ. ತಾರಸಿಯ ಮೇಲೆ ಸಾಲಾಗಿ ಇಟ್ಟ ಕುಂಡಗಳ ನಡುವೆ ಬೆಳಗ್ಗೆ ಹೊತ್ತು ನಡೆಯುವಾಗ ಇವನ್ನೆಲ್ಲ ಓದುತ್ತ ಹೋಗುವುದು ನನಗೆ ಅಭ್ಯಾಸವಾಗಿದೆ. ಊರು ಮಲಗಿದ್ದಾಗ ಎಷ್ಟು ಬಾಯಿಗಳು ಎಚ್ಚರವಿದ್ದವು ಎಂದು ತಿಳಿಯುವುದು ಅಲ್ಲಿಯೇ.

ಗುಲಾಬಿಯ ಎಲೆಗಳಲ್ಲಿ ಕೆಲವೊಮ್ಮೆ ಬೇರೆಯದೇ ಒಂದು ಗುರುತು ಕಾಣುತ್ತದೆ. ಅಂಚಿನಲ್ಲಿ ಅರ್ಧಚಂದ್ರ, ಅದರ ಪಕ್ಕದಲ್ಲಿ ಇನ್ನೊಂದು ಅರ್ಧಚಂದ್ರ, ಕತ್ತರಿಯೂ ನಾಚಬೇಕು ಅಷ್ಟು ನಯವಾದ ಕಡಿತ. ಹುಳು ತಿಂದಿತೆಂದು ಗಾಬರಿಯಾಗಿ ಔಷಧಿ ಹುಡುಕುವವರಿದ್ದಾರೆ. ಅದು ತಿಂದದ್ದಲ್ಲ, ಒಯ್ದದ್ದು. ಎಲೆಕತ್ತರಿ ಜೇನು ಎಂಬ ಒಂಟಿ ಜೇನೊಂದು ಬಂದು, ಎಲೆಯ ಅಂಚಿನಲ್ಲಿ ಕುಳಿತು, ತನ್ನ ದೇಹವನ್ನೇ ಕೈವಾರ ಮಾಡಿಕೊಂಡು ಸುತ್ತ ಕತ್ತರಿಸುತ್ತದೆ; ಕೊನೆಯ ಎಳೆ ಕಡಿಯುವ ಹೊತ್ತಿಗೆ ತಾನು ಕುಳಿತ ನೆಲೆಯೇ ತಪ್ಪುವುದು ಅದಕ್ಕೆ ಗೊತ್ತಿರುವುದರಿಂದ ಮೊದಲೇ ರೆಕ್ಕೆ ಬಡಿಯಲಾರಂಭಿಸಿ, ಎಲೆಯ ಚೂರನ್ನು ಹೊಟ್ಟೆಯಡಿ ಮಡಿಸಿ ಹಿಡಿದು, ಹಾಗೇ ಗಾಳಿಗೆ ಜಾರಿ ಹಾರಿಬಿಡುತ್ತದೆ. ಟೊಳ್ಳು ಬಿದಿರೋ, ಗೋಡೆಯಲ್ಲಿ ಮೊಳೆ ಕಿತ್ತ ತೂತೋ, ಯಾರೂ ಬೀಗ ಹಾಕದ ಹಳೆಯ ಬಾಗಿಲಿನ ಕೀಲಿಕಂಡಿಯೋ ಅದಕ್ಕೆ ಮನೆ. ಉದ್ದನೆಯ ಚೂರುಗಳಿಂದ ಗೋಡೆ ಸುತ್ತಿ, ಒಳಗೆ ಪರಾಗ ಮಕರಂದಗಳನ್ನು ಕಲಸಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಅಳತೆಗೆ ಸರಿಯಾಗಿ ಕತ್ತರಿಸಿ ತಂದ ದುಂಡು ಚೂರಿನಿಂದ ಬಾಯಿ ಮುಚ್ಚುತ್ತದೆ. ಆ ಮುಚ್ಚಳವೇ ಮುಂದಿನ ಕೋಣೆಯ ನೆಲ. ನನ್ನ ಗುಲಾಬಿಯ ಎಲೆ ಎಲ್ಲೋ ಒಂದು ಕತ್ತಲ ಓಣಿಯಲ್ಲಿ ತೊಟ್ಟಿಲಾಗಿದೆ ಎನ್ನುವ ಅರಿವು ಬಂದ ಮೇಲೆ ಆ ಗಿಡವನ್ನು ನೋಡುವ ಕಣ್ಣೇ ಬೇರೆಯಾಯಿತು. ಇದಕ್ಕೆ ಮದ್ದು ಬೇಡ. ಗಿಡ ಅಷ್ಟನ್ನು ಕೊಟ್ಟು ಮತ್ತೆ ಚಿಗುರುತ್ತದೆ.

ಕರಿಬೇವಿನ ಕುಂಡದ ಬಳಿ ಮಾತ್ರ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಳೆ ಬಂದು ಹೋದ ಮೇಲೆ, ಎಳೆಗೆಂಪು ಚಿಗುರು ಇನ್ನೂ ಬಿಚ್ಚಿಕೊಳ್ಳುವ ಮೊದಲೇ, ಕಪ್ಪು ರೆಕ್ಕೆಯ ಚಿಟ್ಟೆಯೊಂದು ಎಲ್ಲಿಂದಲೋ ಬಂದು ಆ ತುದಿಗಳ ಸುತ್ತ ತಡಕಾಡುತ್ತದೆ. ಕೂರುವುದೂ ಇಲ್ಲ, ಬಿಡುವುದೂ ಇಲ್ಲ. ರೆಕ್ಕೆಗಳನ್ನು ನಡುಗಿಸುತ್ತಲೇ ಮುಂಗಾಲುಗಳಿಂದ ಎಲೆಯನ್ನು ತಟ್ಟಿ ತಟ್ಟಿ ನೋಡುತ್ತದೆ. ಅದು ರುಚಿ ನೋಡುವುದು ಕಾಲಿನಿಂದ. ಇದು ಕರಿಬೇವೇ ಎಂದು ಖಾತ್ರಿಯಾದ ಕ್ಷಣದಲ್ಲಿ ಹೊಟ್ಟೆಯ ತುದಿಯನ್ನು ಬಾಗಿಸಿ, ನಸುಹಳದಿಯ ಒಂದು ಮೊಟ್ಟೆ, ಒಂದೇ ಒಂದು, ಅಂಟಿಸಿ ಮೇಲೇಳುತ್ತದೆ. ಕರಿಬೇವಿಗೆ ಆ ಘಮ ಯಾಕಿದೆ? ನಮ್ಮ ಒಗ್ಗರಣೆಗಾಗಿ ಅಲ್ಲ. ಎಲೆಯ ತುಂಬ ಚುಕ್ಕಿಚುಕ್ಕಿಯಾಗಿ ಹುದುಗಿರುವ ಎಣ್ಣೆಯ ಗ್ರಂಥಿಗಳು ಮುಟ್ಟಬಂದ ಎಷ್ಟೋ ಕೀಟಗಳಿಗೆ ಬೇಡವೆಂದು ಹೇಳುವ ಗಿಡದ ದನಿ. ಎಲ್ಲರನ್ನೂ ದೂರವಿಡುವ ಆ ರಸಗಳನ್ನೇ ಗುರುತು ಹಿಡಿದು, ಈ ಚಿಟ್ಟೆ ಇಷ್ಟು ಕಟ್ಟಡಗಳ ನಡುವೆ, ಇಷ್ಟು ಹೊಗೆಯ ನಡುವೆ, ಮೂರನೆಯ ಮಹಡಿಯ ಮೇಲಿನ ಒಂದು ಕುಂಡವನ್ನು ಹುಡುಕಿಕೊಂಡು ಬರುತ್ತದೆ.

ಮೊಟ್ಟೆಯೊಡೆದ ಹುಳು ಮೊದಲು ತನ್ನ ಚಿಪ್ಪನ್ನೇ ತಿನ್ನುತ್ತದೆ. ಆಮೇಲೆ ಎಲೆ. ಮೊದಲ ದಿನಗಳಲ್ಲಿ ಅದು ಕಂದು, ನಡುವೆ ಬಿಳಿಯ ಪಟ್ಟೆ, ಮೇಲೆ ಒದ್ದೆಯ ಹೊಳಪು. ಹಕ್ಕಿಯ ಹಿಕ್ಕೆಯೆಂದು ಹಕ್ಕಿಯೇ ತಿಳಿದು ಸುಮ್ಮನಾಗುವಷ್ಟು ತದ್ರೂಪು. ಪೊರೆ ಕಳಚುತ್ತ ಕಳಚುತ್ತ ಕೊನೆಯ ಬಾರಿ ಕಳಚಿದಾಗ ಆ ಕೊಳಕೆಲ್ಲ ಹಿಂದೆ ಬಿದ್ದು, ಹಸಿರಾದ, ದುಂಡಗಿನ, ಎದೆಯ ಮೇಲೆ ಸುಳ್ಳು ಕಣ್ಣುಗಳನ್ನು ಬರೆದುಕೊಂಡ ಹೊಸ ಜೀವವೊಂದು ಕರಿಬೇವಿನ ದಂಟಿಗೆ ಒರಗಿ ಕೂತಿರುತ್ತದೆ. ಬೆರಳು ತಾಗಿತೋ, ತಲೆಯ ಹಿಂದಿನ ಮಡಿಕೆಯಿಂದ ಎರಡು ಕೆಂಪು ಕೋಡುಗಳು ಥಟ್ಟನೆ ಚಿಮ್ಮುತ್ತವೆ, ಜೊತೆಗೇ ಹುಳಿಹಣ್ಣಿನ ಸಿಪ್ಪೆ ಹಿಂಡಿದ ತೀಕ್ಷ್ಣ ವಾಸನೆ. ಒಂದಿಷ್ಟು ಹೊತ್ತು ಹಾಗೇ ನಿಂತರೆ ಕೋಡುಗಳು ಒಳಸರಿಯುತ್ತವೆ, ಹುಳು ತಿನ್ನುವುದನ್ನು ಮುಂದುವರಿಸುತ್ತದೆ, ಅಕ್ಕಪಕ್ಕದಲ್ಲಿ ಗದ್ದಲವಿಲ್ಲದಿದ್ದರೆ ಆ ಪುಟ್ಟ ದವಡೆಗಳ ಸದ್ದೂ ಕೇಳಿಸುತ್ತದೆ.

ಕಾಮನ್ ಮಾರ್ಮನ್ ಎಂದು ಕರೆಯುವ ಈ ಚಿಟ್ಟೆಯ ಹೆಣ್ಣುಗಳು ಒಂದೇ ರೂಪದಲ್ಲಿ ಬರುವುದಿಲ್ಲ. ಕೆಲವು ಗಂಡನ್ನೇ ಹೋಲುತ್ತವೆ. ಕೆಲವು ರೆಕ್ಕೆಯ ಮೇಲೆ ಕೆಂಪು ಬಿಳಿ ಬಳಿದುಕೊಂಡು, ಹಕ್ಕಿಗಳು ಬಾಯಿಗಿಡಲು ಅಂಜುವ ರೋಸ್ ಚಿಟ್ಟೆಗಳ ವೇಷದಲ್ಲಿರುತ್ತವೆ. ಒಂದೇ ತಾಯಿಯ ಮಕ್ಕಳಲ್ಲೂ ಈ ವ್ಯತ್ಯಾಸ ಇರಬಹುದು. ಅಷ್ಟು ಬಣ್ಣ, ಅಷ್ಟು ಆಕಾರ, ಎಲ್ಲವನ್ನೂ ಡಬಲ್‌ಸೆಕ್ಸ್ ಎಂಬ ಒಂದೇ ಒಂದು ವಂಶವಾಹಿ ತಿರುಗಿಸಿಡುತ್ತದೆ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಅವರ ಸಂಗಡಿಗರು 2014ರಲ್ಲಿ ಕಂಡುಕೊಂಡರು. ಆ ರಹಸ್ಯವನ್ನು ಒಡಲಲ್ಲಿಟ್ಟುಕೊಂಡೇ ಈ ಹುಳು ಇಲ್ಲಿ, ಈ ಕುಂಡದಲ್ಲಿ, ನಾಳಿನ ಸಾರಿಗೆ ಕೀಳಬೇಕಿದ್ದ ಎಸಳನ್ನು ತಿನ್ನುತ್ತಿದೆ. ಗಿಡ ಬಲಿತದ್ದಾದರೆ ಒಂದೆರಡು ಹುಳುಗಳಿಗೆ ಅದು ಬಗ್ಗುವುದಿಲ್ಲ. ಮೊಣಕೈಯೆತ್ತರದ ಎಳೆಯ ಸಸಿಯಾದರೆ ಹುಳುವನ್ನು ರೆಂಬೆಸಹಿತ ಎತ್ತಿ ದೊಡ್ಡ ಗಿಡಕ್ಕೋ ನಿಂಬೆಗೋ ದಾಟಿಸಿದರಾಯಿತು. ಕರಿಬೇವು, ನಿಂಬೆ, ಬೇಲದ ಹಣ್ಣಿನ ಮರ ಎಲ್ಲ ಒಂದೇ ಕುಟುಂಬದವು, ಆ ಮನೆಯಲ್ಲಿ ಇದಕ್ಕೆ ಎಲ್ಲಿಯೂ ಅನ್ನವುಂಟು.

ನಿಂಬೆಯ ಎಳೆಯ ಎಲೆಗಳಲ್ಲಿ ರಂಗೋಲಿ ಹುಳುವಿನ ಬೆಳ್ಳಿಗೆರೆಗಳೂ ಇರುತ್ತವೆ. ಎಲೆಯ ಎರಡು ಚರ್ಮಗಳ ನಡುವಿನ ಆ ತೆಳ್ಳನೆಯ ಜಾಗವೇ ಅದರ ಜಗತ್ತು, ಆಕಾಶ ಮೇಲೊಂದು ಪೊರೆ, ಭೂಮಿ ಕೆಳಗೊಂದು ಪೊರೆ. ಹುಟ್ಟಿದಲ್ಲಿ ಕೂದಲೆಳೆಯಷ್ಟಿರುವ ಹಾದಿ ಹುಳು ಬೆಳೆದಂತೆ ಅಗಲವಾಗುತ್ತದೆ. ಒಂದು ಬಾಲ್ಯವಿಡೀ ಎಲೆಯ ಮೇಲೆ ಉಳಿದುಬಿಡುತ್ತದೆ.

ಚಳಿಗಾಲದಲ್ಲಿ ಅವರೆ ಬಳ್ಳಿ ಹೂಬಿಟ್ಟು, ಸೊಗಡು ಗಾಳಿಗೆ ಹತ್ತುವ ಹೊತ್ತಿಗೆ ಸರಿಯಾಗಿ ಕರಿಹೇನು ಬರುತ್ತದೆ. ನಿನ್ನೆ ಖಾಲಿಯಿದ್ದ ಕುಡಿ ಇಂದು ಕಪ್ಪಗೆ ಮಿರುಗುತ್ತಿರುತ್ತದೆ. ಎಲ್ಲಿಂದ ಬಂದವು ಇಷ್ಟೊಂದು ಎಂದು ಅಚ್ಚರಿಪಡುವುದು ಹೊಸದಲ್ಲ. 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಎಂಬ ಇಪ್ಪತ್ತರ ಹರೆಯದ ಯುವಕ ಆಗಷ್ಟೇ ಹುಟ್ಟಿದ ಒಂದು ಸಸ್ಯಹೇನನ್ನು ಎಲೆಗಳಿದ್ದ ರೆಂಬೆಯ ಮೇಲಿಟ್ಟು, ಗಾಜಿನ ಪಾತ್ರೆ ಮುಚ್ಚಿ, ಭೂತಗನ್ನಡಿ ಹಿಡಿದು ದಿನವಿಡೀ ಕಾವಲು ಕೂತ. ಗಂಡಿನ ನೆರಳೂ ಕಾಣದ ಆ ಹೇನು ಜೂನ್ ಒಂದರಿಂದ ಹಡೆಯಲಾರಂಭಿಸಿ ಮೂರು ವಾರಗಳಲ್ಲಿ 95 ಮರಿಗಳನ್ನು ಹೆತ್ತಿತು. ನಮ್ಮ ಸೀಮೆಯ ಬೆಚ್ಚನೆಯ ಹವೆಯಲ್ಲಿ ಅವರೆಯ ಹೇನುಗಳು ಬಹುಪಾಲು ಹೀಗೆಯೇ, ಹೆಣ್ಣೇ ಹೆಣ್ಣನ್ನು ಹೆರುತ್ತ ಸಾಗುತ್ತವೆ. ಇನ್ನೂ ಹುಟ್ಟದ ಮಗಳ ಗರ್ಭದಲ್ಲಿ ಆಗಲೇ ಮೊಮ್ಮಗಳು ರೂಪುಗೊಳ್ಳುತ್ತಿರುತ್ತಾಳೆ: ನನ್ನ ಹೆಬ್ಬೆರಳ ಉಗುರಿನ ಮುಂದೆ, ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕಿಯೊಳಗೆ, ಮೂರು ತಲೆಮಾರು ಒಟ್ಟಿಗೆ ಉಸಿರಾಡುತ್ತಿದೆ. ಬೊನೆಯ ಕಣ್ಣುಗಳು ಆ ನೋಟಕ್ಕೇ ಸವೆದವು. ದೃಷ್ಟಿ ಮಸುಕಾಗುತ್ತ ಬಂದು ಆತ ಕೀಟಗಳನ್ನು ಬಿಟ್ಟು ಚಿಂತನೆಯ ಕಡೆಗೆ ಹೊರಳಬೇಕಾಯಿತು. ಹೇನು ನೋಡಲು ಕಣ್ಣು ತೆತ್ತ ಆ ಮನುಷ್ಯ ಅವರೆಯ ಕಾಲ ಬಂದಾಗಲೆಲ್ಲ ನೆನಪಾಗುತ್ತಾನೆ.

ಹೇನು ಹೀರುವ ಗಿಡದ ರಸದಲ್ಲಿ ಸಕ್ಕರೆಯೇ ಜಾಸ್ತಿ, ಮೈ ಕಟ್ಟುವ ಸತ್ವ ಕಡಿಮೆ. ಆ ಕೊರತೆ ತುಂಬಲು ಅದರ ಒಡಲೊಳಗೆ ಬುಕ್ನೆರಾ ಎಂಬ ಬ್ಯಾಕ್ಟೀರಿಯಾಗಳು ವಾಸವಿವೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಸೇರಿಕೊಂಡ ಬಿಡಾರ ಅದು, ತಾಯಿಯಿಂದ ಮಗಳಿಗೆ ಇಳಿದುಬರುತ್ತಲೇ ಇದೆ. ಮಿಕ್ಕ ಸಕ್ಕರೆ ಹನಿಹನಿಯಾಗಿ ಹೊರಬಿದ್ದು ಕೆಳಗಿನ ಎಲೆಗಳು ಅಂಟಂಟಾಗುತ್ತವೆ, ಅಂಟಿಗೆ ಇರುವೆ ಬರುತ್ತದೆ, ಇರುವೆ ಬಂದರೆ ಹೇನಿಗೆ ಕಾವಲಾಯಿತು. ಕೆಲವು ದಿನ ಕಾದರೆ ಇನ್ನೂ ಹಲವರು ಬರುತ್ತಾರೆ. ಮೊದಲು ಗುಲಗಂಜಿ ಹುಳು, ಅದರ ಹಿಂದೆಯೇ ಅದರ ಮರಿ, ಕಪ್ಪು ಮೈಯ ಮೇಲೆ ಕಿತ್ತಳೆ ಮಚ್ಚೆಯ ಒರಟು ಜೀವ, ನೋಡಿದವರು ಇದೇ ದೊಡ್ಡ ಪೀಡೆಯೆಂದು ಹೊಸಕಿಹಾಕುವಂಥದು. ಹೇನಿನ ಹಿಂಡಿನೊಳಗೆ ಅದರಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ. ಎಲೆಯಡಿಯಲ್ಲಿ ಕೂದಲೆಳೆಯ ತುದಿಗೊಂದರಂತೆ ತೂಗುವ ಬಿಳಿ ಮೊಟ್ಟೆಗಳು ಕಂಡರೆ ಅವು ಜಾಲರೆಕ್ಕೆ ಕೀಟದವು. ಹುಟ್ಟಿದೊಡನೆ ಒಂದನ್ನೊಂದು ತಿಂದುಬಿಡದಿರಲೆಂದು ತಾಯಿ ಪ್ರತಿಯೊಂದನ್ನೂ ಒಂದೊಂದು ಕಂಬದ ಮೇಲೆ ಎತ್ತರಿಸಿಟ್ಟಿರುತ್ತದೆ. ಆಮೇಲೆ, ತಾಳ್ಮೆಯಿಂದ ನೋಡುವವರಿಗೆ ಮಾತ್ರ ಕಾಣುವುದು: ಹೇನುಗಳ ನಡುವೆ ಅಲ್ಲೊಂದು ಇಲ್ಲೊಂದು ಉಬ್ಬಿ, ಬಿರುಸಾಗಿ, ಹುರಿದ ಎಳ್ಳಿನ ಬಣ್ಣಕ್ಕೆ ತಿರುಗಿ ಅಲ್ಲಾಡದೆ ಕೂತಿರುತ್ತವೆ. ಅವು ಹೇನಿನ ಬರೀ ಚಿಪ್ಪು. ಒಳಗೆ ಪುಟ್ಟ ಕಣಜವೊಂದರ ಮರಿ ಬೆಳೆಯುತ್ತಿದೆ, ದಿನ ತುಂಬಿದಾಗ ಚಿಪ್ಪಿನ ಬೆನ್ನಲ್ಲಿ ದುಂಡನೆಯ ಬಾಗಿಲು ಕೊರೆದು ಹೊರಬರುತ್ತದೆ. ಹಾಗೆ ಕಂಡ ಬಳ್ಳಿಗೆ ನಾನು ಏನನ್ನೂ ಸಿಂಪಡಿಸುವುದಿಲ್ಲ. ತೀರಾ ಮುಟುರಿದ ಕುಡಿಯನ್ನಷ್ಟೇ ಚಿವುಟಿ, ಮಿಕ್ಕದ್ದಕ್ಕೆ ಪೈಪಿನ ನೀರನ್ನು ಬೆರಳಿಂದ ಒತ್ತಿ ಬಿರುಸಾಗಿ ಹಾಯಿಸಿದರೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಮೇಲೇರಲಾರವು.

ದಾಸವಾಳದ ಹಿಟ್ಟುತಿಗಣೆ ಅಷ್ಟು ಸುಲಭದ್ದಲ್ಲ. ಗೆಣ್ಣಿನ ಸಂದಿನಲ್ಲಿ, ಮೊಗ್ಗಿನ ತೊಟ್ಟಿನಲ್ಲಿ ಬಿಳಿಯ ಮೇಣ ಹೊದ್ದು ಕೂತರೆ ನೀರು ತಾಗದು, ಎಣ್ಣೆ ತಾಗದು, ಮೊಗ್ಗು ಬಿರಿಯುವ ಮೊದಲೇ ಹಳದಿಯಾಗಿ ಉದುರುತ್ತದೆ. ಪೂಜೆಗೆ ಹೂ ಕೊಡುವ ಗಿಡ ಹೀಗೆ ಬಳಲುವುದನ್ನು ನೋಡಲು ಸಂಕಟವಾಗುತ್ತದೆ, ನಿಜಕ್ಕೂ ಆಗುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯ ಕಡ್ಡಿಯಿಂದ ಒಂದೊಂದೇ ಸಂದನ್ನು ಒರೆಸುತ್ತ ಕೂರುವುದು ಭಾನುವಾರದ ಕೆಲಸ, ಅಷ್ಟು ಹತ್ತಿರ ಕೂತದ್ದರಿಂದಲೇ ಒಮ್ಮೆ ಆ ಬಿಳುಪಿನೊಳಗೆ ಬೇರೆ ಬಿಳುಪು ಕಂಡಿತು. ತಿಗಣೆಗಿಂತ ದೊಡ್ಡದು, ಮೈತುಂಬ ಉದ್ದುದ್ದ ಮೇಣದ ಎಳೆ, ಕೂತಲ್ಲಿ ಕೂರದೆ ಸರಸರ ನಡೆಯುತ್ತಿದೆ, ನಡೆಯುತ್ತ ತಿಗಣೆಗಳ ಮೊಟ್ಟೆಗಳನ್ನು ಮೇಯುತ್ತಿದೆ. ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿ ಅದು. ಬೇಟೆಯ ಬಟ್ಟೆಯನ್ನೇ ಉಟ್ಟು ಬೇಟೆಯ ನಡುವೆ ಬದುಕುತ್ತದೆ. ಕಾಫಿ ಗಿಡಕ್ಕೆ ಅಂಟಿಕೊಂಡು ರಸ ಹೀರುವ ಹಸಿರು ಕೀಟವೊಂದಕ್ಕೆ ಪರಿಹಾರವಾಗಿ ಆಸ್ಟ್ರೇಲಿಯಾದಿಂದ 1898ರಲ್ಲಿ ಇದನ್ನು ಹಡಗಿನಲ್ಲಿ ತಂದರಂತೆ. ಕರೆತಂದ ಕೆಲಸ ಏನಾಯಿತೋ, ಅದರ ಸಂತಾನ ಇಲ್ಲಿಯ ಗಾಳಿಗೆ ಒಗ್ಗಿ, ನೂರಿಪ್ಪತ್ತು ವರ್ಷ ದಾಟಿ, ಈ ದಾಸವಾಳದ ಗೆಣ್ಣಿಗೆ ಬಂದು ತಲುಪಿದೆ.

ಹಿಟ್ಟುತಿಗಣೆಯ ಜೊತೆ ಇನ್ನೊಂದು ದೊಡ್ಡ ಕಥೆಯೂ ಹೆಣೆದುಕೊಂಡಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿಯ ಹಿಟ್ಟುತಿಗಣೆ ಪರಂಗಿ ತೋಟಗಳನ್ನೂ ಹಿಪ್ಪುನೇರಳೆಯನ್ನೂ ಬೆಳ್ಳಗೆ ಮುಚ್ಚುತ್ತ ಕರ್ನಾಟಕಕ್ಕೂ ಹಬ್ಬಿದಾಗ, ರೇಷ್ಮೆಹುಳುವಿಗೆ ಹಾಕುವ ಸೊಪ್ಪಾದ್ದರಿಂದ ವಿಷ ಹೊಡೆಯುವಂತೆಯೂ ಇರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಬಗೆಯ ಕಣಜಗಳನ್ನು ತರಿಸಿ, ಸಾಕಿ, ಬಿಟ್ಟರು. ಅವುಗಳಲ್ಲಿ ಅಸಿರೋಫೇಗಸ್ ಎಂಬುದು ಹಬ್ಬಿ ನೆಲೆಯೂರಿ ತಿಗಣೆಯ ಉಪಟಳವನ್ನು ತಗ್ಗಿಸಿತು. ಅದರ ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಅಂಗೈಮೇಲೆ ಇಳಿದರೂ ಇಳಿಯಿತೆಂದು ತಿಳಿಯದಷ್ಟು ಹಗುರವಾದ ಜೀವವೊಂದು ರೈತರ ಎದೆಯ ಮೇಲಿನ ಅಷ್ಟು ದೊಡ್ಡ ಭಾರವನ್ನು ಎತ್ತಿಹಾಕಿತು.

ಇಷ್ಟೆಲ್ಲ ಎಲೆಯ ಮೇಲೆ. ಎಲೆಯ ಒಳಗೆ ನಡೆಯುವುದನ್ನು ನೆನೆದರೆ ಮಾತು ಇನ್ನೂ ತಗ್ಗುತ್ತದೆ. ಹುಳು ಒಂದು ತುತ್ತು ಕಚ್ಚಿದೊಡನೆ ಗಾಯದಿಂದ ಗ್ಲುಟಮೇಟ್ ಸುರಿಯುತ್ತದೆ, ನಮ್ಮ ಮಿದುಳಿನ ನರಗಳು ಪರಸ್ಪರ ಮಾತಾಡಲು ಬಳಸುವ ವಸ್ತುವೇ ಅದು. ಅದರ ಹಿಂದೆಯೇ ಕ್ಯಾಲ್ಸಿಯಂನ ಅಲೆಯೊಂದು ಎದ್ದು ನಾಳಗಳ ಗುಂಟ ಹರಿದು, ಒಂದೆರಡು ನಿಮಿಷಗಳಲ್ಲಿ ಗಾಯವಾಗದ ದೂರದ ಎಲೆಗಳನ್ನೂ ಮುಟ್ಟುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಸಾತ್ಸುಗು ಟೊಯೋಟ ಮತ್ತು ಸೈಮನ್ ಗಿಲ್ರಾಯ್ ಅವರ ತಂಡ ಸಾಸಿವೆಯ ಕುಲದ ಪುಟ್ಟ ಗಿಡವೊಂದರಲ್ಲಿ ಈ ಅಲೆಯನ್ನು ಬೆಳಕಾಗಿ ಮಿನುಗುವಂತೆ ಮಾಡಿ 2018ರಲ್ಲಿ ಲೋಕಕ್ಕೆ ತೋರಿಸಿತು. ಕತ್ತಲಲ್ಲಿ ಎಲೆ, ಎಲೆಯ ಅಂಚಿನಲ್ಲಿ ಹುಳು, ಅದು ಕಚ್ಚಿದಲ್ಲಿಂದ ಹೊಳಪೊಂದು ಹೊರಟು ಗಿಡದ ಮೈಯೆಲ್ಲ ಹಬ್ಬುವುದನ್ನು ಆ ಚಿತ್ರದಲ್ಲಿ ನೋಡಿದವರು ಮರೆಯಲಾರರು. ಅಲೆ ತಲುಪಿದಲ್ಲೆಲ್ಲ ಜಾಸ್ಮೋನಿಕ್ ಆಮ್ಲ ಏರುತ್ತದೆ, ಎಲೆ ತನ್ನನ್ನು ತಾನು ಕಹಿಮಾಡಿಕೊಳ್ಳಲು, ಗಡಸುಮಾಡಿಕೊಳ್ಳಲು ಹೊರಡುತ್ತದೆ. ಈ ಆಮ್ಲದ ಹತ್ತಿರದ ನಂಟಿನ ವಸ್ತುವೊಂದನ್ನು ಮೊದಲು ಗುರುತಿಸಿದ್ದು 1962ರಲ್ಲಿ, ಜಾಜಿ ಹೂವಿನ ಸುಗಂಧದೆಣ್ಣೆಯಲ್ಲಿ. ಸಂಜೆ ಮುಡಿಗೇರುವ ಘಮದ ಒಂದು ಎಳೆ ಗಿಡದ ನೋವಿನ ಭಾಷೆಯೂ ಹೌದು.

ಅಷ್ಟಕ್ಕೇ ನಿಲ್ಲುವುದಿಲ್ಲ. ಕಚ್ಚಿಸಿಕೊಂಡ ಎಲೆ ಗಾಳಿಗೂ ಸುದ್ದಿ ಬಿಡುತ್ತದೆ. ಮೆಕ್ಕೆಜೋಳದ ಎಲೆಯನ್ನು ಹುಳು ತಿಂದಾಗ ಹೊಮ್ಮುವ ವಾಸನೆ ಆ ಹುಳುವನ್ನೇ ಹುಡುಕುವ ಕಣಜಗಳನ್ನು ಕರೆಯುತ್ತದೆ ಎಂದು ಟೆಡ್ ಟರ್ಲಿಂಗ್ಸ್ ಮತ್ತು ಜೊತೆಗಾರರು 1990ರಲ್ಲಿ ತೋರಿಸಿದರು. ಬರೀ ಕತ್ತರಿಸಿದರೆ ಆ ಕರೆ ಹೊರಡದು, ಹುಳುವಿನ ಎಂಜಲು ತಾಗಬೇಕು. ಇದನ್ನು ತಿಳಿದ ಮೇಲೆ ಮುಸ್ಸಂಜೆಯಲ್ಲಿ ಕುಂಡಗಳ ನಡುವೆ ನಿಂತರೆ, ನನ್ನ ಮೂಗಿಗೆ ಬರೀ ಹಸಿ ಮಣ್ಣು, ತುಳಸಿ, ಒಂದಿಷ್ಟು ಕರಿಬೇವು ಎಂದು ತಿಳಿಯುವ ಈ ಗಾಳಿ ಎಷ್ಟು ಕೂಗುಗಳಿಂದ, ಎಷ್ಟು ಉತ್ತರಗಳಿಂದ ತುಂಬಿದೆಯೋ ಎಂದು ಮೈ ಜುಮ್ಮೆನ್ನುತ್ತದೆ.

ಹಾಗೆಂದು ಕೈಕಟ್ಟಿ ಕೂರುವುದಿಲ್ಲ. ಕುಂಡದ ಗಿಡ ಕಾಡಿನ ಗಿಡವಲ್ಲ, ಅದರ ಬೇರಿಗೆ ಹಿಡಿ ಮಣ್ಣಷ್ಟೇ ಆಸರೆ, ಅದನ್ನು ಅಲ್ಲಿ ಕೂರಿಸಿದವರು ನಾವು. ಬಿಳಿನೊಣವೋ ನುಸಿಯೋ ಮಿತಿಮೀರಿದಾಗ ಒಂದು ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನೆಣ್ಣೆ, ಎಣ್ಣೆ ನೀರು ಬೆರೆಯಲು ಒಂದಿಷ್ಟು ಅಂಟುವಾಳದ ನೊರೆ, ಬಿಸಿಲು ಇಳಿದು ಜೇನುಗಳೆಲ್ಲ ಗೂಡು ಸೇರಿದ ಮೇಲೆ ಎಲೆಯ ಅಡಿಮೈಗೆ ಸಿಂಪಡಿಸುತ್ತೇನೆ. ಚಿಟ್ಟೆಯ ಹುಳುಗಳಿರುವ ಕುಂಡವನ್ನು ಆ ಹೊತ್ತಿಗೆ ದೂರ ಸರಿಸಿರುತ್ತೇನೆ, ಬೇವು ಯಾರನ್ನೂ ಬೇರೆಮಾಡಿ ನೋಡುವುದಿಲ್ಲ. ಅಡುಗೆಗೆ ಕೀಳುವ ಗಿಡಕ್ಕೆ ಅಂಗಡಿಯ ವಿಷ ಹೊಡೆಯುವುದು ನನಗೆ ಒಗ್ಗದು. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ಮಹಾದಂಡು ಇಳಿದು ಹಸಿರೆಂಬುದನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಎಲೆ ಹೊತ್ತು ನಿಂತದ್ದನ್ನು ಹೈನ್ರಿಚ್ ಶ್ಮುಟರರ್ ಎಂಬ ಜರ್ಮನ್ ಕೀಟತಜ್ಞರು ಕಂಡರು. ಬೇವಿನ ಬೀಜದೊಳಗಿನ ಅಜಾಡಿರಾಕ್ಟಿನ್ ಹುಳುವಿಗೆ ಹಸಿವು ಮರೆಸುತ್ತದೆ, ಪೊರೆ ಕಳಚುವ ಘಳಿಗೆಯನ್ನು ತಪ್ಪಿಸುತ್ತದೆ. ಆ ಒಂದು ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು, 2007ರಲ್ಲಿ ಅದು ಕೈಗೂಡಿತು. ನಮ್ಮ ಬೀದಿಯ ತಿರುವಿನ ಮರ ಅದನ್ನು ಪ್ರತಿ ಬೇಸಿಗೆಯೂ ಕಾಯಿಕಾಯಿಯಲ್ಲಿ ತುಂಬಿ ನೆಲಕ್ಕೆ ಉದುರಿಸುತ್ತದೆ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಒಗ್ಗರಣೆಗೆ ಕರಿಬೇವು ಬೇಕೆಂದು ಮೇಲೆ ಬಂದರು. ಕುಂಡದ ಒಂದು ಬದಿಯ ರೆಂಬೆಗಳು ಬರೀ ಕಡ್ಡಿಯಾಗಿದ್ದವು. “ಇದೇನಮ್ಮ ಹೀಗೆ ತಿಂದು ಹಾಕಿದೆ, ಏನಾದ್ರೂ ಹೊಡೀಬಾರ್ದಾ?” ಎಂದರು. ಆ ಕಡೆ ಹುಳ ಇದೆ ಅಜ್ಜಿ, ಈ ಕಡೇದು ಕಿತ್ಕೊಳ್ಳಿ ಎಂದೆ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಮೆಲ್ಲಗೆ ಒಂದು ಬೆರಳು ಮುಂದೆ ಚಾಚಿದಾಗ ಹುಳು ಕೆಂಪು ಕೋಡು ಚಿಮ್ಮಿಸಿತು, ಅಜ್ಜಿ ಕೈ ಹಿಂದೆಳೆದು ನಕ್ಕರು.

“ಇದು ಚಿಟ್ಟೆ ಆಗೋದು ಯಾವಾಗ?”

“ಇನ್ನೂ ಎರಡು ವಾರ ಬೇಕಾಗಬಹುದು. ಬೆಳಗ್ಗೆ ಹೊತ್ತು ಬರುತ್ತೆ.”

“ಹಾಗಾದ್ರೆ ನನ್ನನ್ನ ಕೂಗು. ಮೆಟ್ಟಿಲು ಹತ್ತೋದು ಮಂಡಿಗೆ ಕಷ್ಟ, ಆದ್ರೂ ಬರ್ತೀನಿ,” ಎಂದು ಆಚೆ ಬದಿಯಿಂದ ಎರಡು ಎಸಳು ಕಿತ್ತುಕೊಂಡು ಇಳಿದುಹೋದರು.